ಸಭಾಂಗಣದ ಮಗ್ಗುಲಿನ ಕೊಠಡಿ

1939ರ ಜುಲೈ 2ರಂದು ನ್ಯೂಯಾರ್ಕ್ ನಗರದ ಕ್ಯಾರವಾನ್ ಹಾಲಿನಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ಅಭಿಮಾನಿಗಳ ಪ್ರಥಮ ವಿಶ್ವ ಸಮ್ಮೇಳನವು ನೆರೆದಾಗ, ಶಿಶುಪಾಲನೆಯ ಯೋಚನೆ ಯಾರ ಮನಸ್ಸಿಗೂ ಹೊಳೆಯುವ ಪ್ರಮೇಯವಿರಲಿಲ್ಲ. ಏಕೆಂದರೆ ಅದನ್ನು ಕೂಡಿಸಿದವರೇ ಬಾಲ್ಯವನ್ನು ಆಗತಾನೆ ದಾಟಿದವರಾಗಿದ್ದರು. ಅಧ್ಯಕ್ಷರಾಗಿದ್ದ ಸ್ಯಾಮ್ ಮಾಸ್ಕೊವಿಟ್ಜ್ ಅವರಿಗೆ 19 ತುಂಬಿ ಎರಡು ದಿನಗಳಾಗಿದ್ದುವು. ಸಭಿಕರ ನಡುವೆ ಕುಳಿತಿದ್ದ ಐಸಾಕ್ ಅಸಿಮೋವ್ ಅವರಿಗೂ ಅದೇ ವಯಸ್ಸು. ಸಾಲದ ಹಣದಿಂದ ಬಸ್ಸು ಹತ್ತಿ ಲಾಸ್ ಏಂಜಲಿಸಿನಿಂದ ಬಂದಿಳಿದಿದ್ದ ರೇ ಬ್ರಾಡ್ಬರಿ ಅವರಿಗೆ ಇನ್ನೂ 18. ಗೌರವಾತಿಥಿಯಾಗಿ ಆಗಮಿಸಿದ್ದ ಚಿತ್ರಕಾರ ಫ್ರಾಂಕ್ ಆರ್. ಪಾಲ್ ಅವರು 55ರ ಹಿರಿಯರಾಗಿ, ಸುಮಾರು 200 ಮಂದಿಯ ಆ ತರುಣ ಸಭೆಗೆ ಸ್ವಲ್ಪ ಗಾಂಭೀರ್ಯವನ್ನು ತಂದಿರಬೇಕು. ಗಾಂಭೀರ್ಯಕ್ಕಿಂತ ಕಲಹಪ್ರಿಯತೆಯೇ ಅಲ್ಲಿ ಮೇಲಾಗಿತ್ತೆಂಬುದಕ್ಕೆ, ಪ್ರತಿಪಕ್ಷಕ್ಕೆ ಸೇರಿದ 6 ಮಂದಿಯನ್ನು ಬಾಗಿಲಿನಲ್ಲಿಯೇ ತಡೆದು ಹಿಂದಕ್ಕೆ ಕಳುಹಿಸಿದ ಪ್ರಸಂಗವು ಸಾಕ್ಷಿಯಾಗಿದೆ. ಯಾರು ಒಳಗೆ ಬರಬಹುದು, ಯಾರು ಬರಲಾಗದು ಎಂಬ ಪ್ರಶ್ನೆಯು ಹೀಗೆ ಸಮ್ಮೇಳನಗಳೊಡನೆಯೇ ಹುಟ್ಟಿತು. ಈ ಸಂಚಿಕೆಗಾಗಿ ನಾನು ಬರೆಯಲೊಪ್ಪಿಕೊಂಡಿರುವ ಶಿಶುಪಾಲನೆಯ ವೃತ್ತಾಂತವು ಆ ಪ್ರಶ್ನೆಯದೇ ಒಂದು ಅಧ್ಯಾಯವೆಂದು ನನ್ನ ಭಾವನೆ.

ಅಭಿಮಾನಿ ವರ್ಗವೆಂಬುದು ರೂಪುಗೊಂಡ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. 1926ರ ಏಪ್ರಿಲಿನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರು ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯು ಓದುಗರ ಪತ್ರಗಳೊಡನೆ ಅವರವರ ವಿಳಾಸಗಳನ್ನೂ ಅಚ್ಚುಮಾಡುತ್ತಿದ್ದುದರಿಂದ, ಒಂದೇ ರುಚಿಯುಳ್ಳ ಅಪರಿಚಿತರು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡು, ಕ್ರಮೇಣ ಸಂಘ ಕಟ್ಟಿ, ತಮ್ಮದೇ ಕಿರುಪತ್ರಿಕೆಗಳನ್ನು ಹೊರಡಿಸಿ, ಕೊನೆಗೆ ಮುಖಾಮುಖಿಯಾಗಿ ಕೂಡಲು ಹಂಬಲಿಸಿದರು. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಒಂದು ಸಮ್ಮೇಳನ ನಡೆಯಿತು. ಎರಡು ವರ್ಷಗಳ ಮೇಲೆ ನ್ಯೂಯಾರ್ಕಿನದು. ಈ ಕೂಟಗಳಿಗೆ ಆದಿಯಿಂದಲೂ ಬಂದ ಒಂದು ವಿಶೇಷ ಲಕ್ಷಣವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಶ್ವ ಸಮ್ಮೇಳನಕ್ಕೆ ಟಿಕೆಟ್ಟು ಕೊಂಡು ಬರುವ ಪ್ರೇಕ್ಷಕನೆಂಬವನಿಲ್ಲ. ಹಣ ತೆತ್ತವರೆಲ್ಲರೂ ಸದಸ್ಯರು, ಅಧ್ಯಕ್ಷನೂ ಸದಸ್ಯ, ಕುರ್ಚಿ ಹೊರುವವನೂ ಸದಸ್ಯ, ಯಾರಿಗೂ ಸಂಬಳವಿಲ್ಲ. ಊರ ತೇರನ್ನು ಎಳೆಯುವವರೂ ನೋಡುವವರೂ ಊರಿನವರೇ ಆಗಿರುವಂತೆ, ಉತ್ಸವದ ಭಾರವನ್ನೂ ಆನಂದವನ್ನೂ ಒಂದೇ ಜನ ಹಂಚಿಕೊಳ್ಳಬೇಕೆಂಬುದು ಇದರ ತತ್ತ್ವ. ತತ್ತ್ವವೇನೋ ಉದಾತ್ತವಾದುದೇ. ಹಂಚಿಕೆ ಸಮವಾಗಿತ್ತೇ ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ. ಆ ಮೊದಲ ಸಮ್ಮೇಳನದಲ್ಲಿ ಭವಿಷ್ಯತ್ಕಾಲದ ವೇಷ ಧರಿಸಿ ಬಂದು ಹೆಸರು ಗಳಿಸಿದವರು ಫಾರೆಸ್ಟ್ ಆಕರ್ಮನ್. ಆ ಉಡುಪನ್ನು ಸಿದ್ಧಪಡಿಸಿ, ತಾವೂ ವೇಷ ತೊಟ್ಟು ಅವರ ಜೊತೆಯಲ್ಲಿಯೇ ಬಂದಿದ್ದ ಮರ್ಟಲ್ ಡಗ್ಲಾಸ್ ಅವರ ಹೆಸರು ಹೊರಬರಲು ಬಹುಕಾಲ ಹಿಡಿಯಿತು.

ಮಹಾಯುದ್ಧದ ನಿಮಿತ್ತ 1942ರಿಂದ 1945ರವರೆಗೆ ವಿಶ್ವ ಸಮ್ಮೇಳನಗಳು ನಡೆಯಲಿಲ್ಲ. ಯುದ್ಧ ಮುಗಿದು ಸಮ್ಮೇಳನಗಳು ಪುನರಾರಂಭವಾದಾಗ ಹಿಂದಿನ ಹುಡುಗರು ಗೃಹಸ್ಥರಾಗತೊಡಗಿದ್ದರು. ಅಭಿಮಾನಿಗಳು ಅಭಿಮಾನಿಗಳನ್ನೇ ವರಿಸುವುದು ಈ ವಲಯದಲ್ಲಿ ಅಪರೂಪವಾಗಿರಲಿಲ್ಲವಾದುದರಿಂದ, ದಂಪತಿಗಳಿಬ್ಬರಿಗೂ ಸಮ್ಮೇಳನದ ಮೇಲೆ ಸಮಾನವಾದ ಆಸೆಯಿದ್ದು, ಮಡಿಲಿನಲ್ಲಿ ಒಂದು ಕೂಸೂ ಇದ್ದಾಗ, ಒಬ್ಬರು ಒಳಗೆ ಉಪನ್ಯಾಸ ಕೇಳುತ್ತಿರುವ ಹೊತ್ತಿನಲ್ಲಿ ಇನ್ನೊಬ್ಬರು ಹೋಟೆಲಿನ ಪಡಸಾಲೆಯಲ್ಲಿ ಮಗುವಿನ ಹಿಂದೆ ಓಡುತ್ತಿರಬೇಕಾಗುತ್ತಿತ್ತು. ಆ ಇನ್ನೊಬ್ಬರು ಸಾಧಾರಣವಾಗಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಸ್ತ್ರೀಯರ ಸಂಖ್ಯೆ ಕಡಿಮೆಯಿರುವವರೆಗೆ ಇದನ್ನು ಆಯಾ ಮನೆಯ ಸಂಗತಿಯೆಂದು ತಳ್ಳಿಹಾಕಲು ಸಾಧ್ಯವಿತ್ತು. 1966ರ ಸೆಪ್ಟೆಂಬರಿನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ದೂರದರ್ಶನದಲ್ಲಿ ಮೂಡಿದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಅದರ ಅಭಿಮಾನಿ ಪತ್ರಿಕೆಗಳ ಸಂಪಾದಕರಲ್ಲಿಯೂ ಲೇಖಕರಲ್ಲಿಯೂ ಬಹುಮಂದಿ ಹೆಂಗಸರು; 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವರೇ ಮುಂದಾಗಿ ನಿಂತು ಆ ಧಾರಾವಾಹಿಗಾಗಿ ಏರ್ಪಡಿಸಿದ ಸಮ್ಮೇಳನಕ್ಕೆ ಕೆಲವು ನೂರು ಜನರನ್ನು ನಿರೀಕ್ಷಿಸಿದ್ದರೆ, ಬಂದವರು 3,000ಕ್ಕೂ ಮಿಕ್ಕಿದ್ದರು. ವಿಶ್ವ ಸಮ್ಮೇಳನವೂ ಬೆಳೆಯುತ್ತ ಹೋಗಿ, 1984ರಲ್ಲಿ ಕ್ಯಾಲಿಫೋರ್ನಿಯದ ಆನಹೈಮ್‌ನಲ್ಲಿ ನಡೆದಾಗ 8,000ವನ್ನು ಮೀರಿತು. ಇಷ್ಟು ದೊಡ್ಡ ಜನಸಮೂಹದಲ್ಲಿ ಮಕ್ಕಳನ್ನು ಮನೆಯ ಸಂಗತಿಯೆಂದು ಕರೆಯುವುದು ಅಸಾಧ್ಯವಾಯಿತು. ಅವರು ಕಣ್ಣೆದುರಿಗೇ ಇದ್ದರು.

ಆದರೂ ಸಮ್ಮೇಳನಗಳ ಶಿಶುಪಾಲನಾ ಸೇವೆಯ ಮೂಲವನ್ನು ಕೇವಲ ಜನಸಂಖ್ಯೆಯಲ್ಲಿ ಹುಡುಕುವುದು ಸರಿಯಾಗದು. ಅದರ ಹಿಂದೆ ಒಂದು ವಿಚಾರವಿತ್ತು. ಆ ವಿಚಾರವು ಅಭಿಮಾನಿಗಳ ವಲಯದ ಹೊರಗಿನಿಂದ ಬಂದುದು. 1970ರ ಫೆಬ್ರವರಿಯ ಕೊನೆಯಲ್ಲಿ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಬ್ರಿಟನ್ನಿನ ಸ್ತ್ರೀ ವಿಮೋಚನಾ ಚಳುವಳಿಯ ಪ್ರಥಮ ರಾಷ್ಟ್ರೀಯ ಸಮ್ಮೇಳನ ಜರುಗಿತು. ತಾಯಂದಿರು ಚರ್ಚೆಯಲ್ಲಿ ಕುಳಿತುಕೊಳ್ಳುವಂತಾಗಲು ಅಲ್ಲಿ ಮಕ್ಕಳಿಗಾಗಿ ಒಂದು ಶಿಶುವಿಹಾರವನ್ನು ತೆರೆದು, ಅದರ ನಿರ್ವಹಣೆಯನ್ನು ಗಂಡಸರಿಗೆ ಒಪ್ಪಿಸಿದರು. ಸಾಂಸ್ಕೃತಿಕ ಅಧ್ಯಯನದ ಆಚಾರ್ಯರೆಂದು ತರುವಾಯ ಲೋಕವಿಖ್ಯಾತರಾದ ಸ್ಟುವರ್ಟ್ ಹಾಲ್ ಅವರೂ ಆ ದಿನ ಮಕ್ಕಳ ನಡುವೆ ಇದ್ದವರಲ್ಲಿ ಒಬ್ಬರು. ಆ ಚಳುವಳಿ ಮುಂದಿಟ್ಟ ನಾಲ್ಕು ಬೇಡಿಕೆಗಳಲ್ಲಿ ಸಮಾನ ವೇತನದ ಮಗ್ಗುಲಿನಲ್ಲಿಯೇ ದಿನದ 24 ಗಂಟೆಯೂ ತೆರೆದಿರುವ ಉಚಿತ ಶಿಶುವಿಹಾರಗಳ ಬೇಡಿಕೆಯೂ ನಿಂತಿತ್ತು. ಅಮೆರಿಕದಲ್ಲಿ ಇದೇ ಆಶಯವು ಶಾಸನದ ರೂಪದಲ್ಲಿ ಕಾಂಗ್ರೆಸ್ಸಿನ ಉಭಯ ಸದನಗಳನ್ನೂ ದಾಟಿ, 1971ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಅವರ ನಿಷೇಧಾಧಿಕಾರಕ್ಕೆ ಬಲಿಯಾಯಿತು. ರಾಷ್ಟ್ರವ್ಯಾಪಿಯಾದ ಶಿಶುಪಾಲನಾ ವ್ಯವಸ್ಥೆಯನ್ನು ಸರಕಾರ ಕೊಡದೆಹೋದ ದೇಶದಲ್ಲಿ, ಜನರು ಎಲ್ಲೆಲ್ಲಿ ತಾವಾಗಿ ಕೂಡುತ್ತಿದ್ದರೋ ಅಲ್ಲಲ್ಲಿ ಅದನ್ನು ತಾವೇ ಕಟ್ಟಿಕೊಳ್ಳುವುದು ಅನಿವಾರ್ಯವಾಯಿತು.

1976ರಲ್ಲಿ ಕ್ಯಾನ್ಸಾಸ್ ಸಿಟಿಯ ವಿಶ್ವ ಸಮ್ಮೇಳನದಲ್ಲಿ ಕೆನಡಾದ ಪ್ರಾಧ್ಯಾಪಿಕೆ ಸೂಸನ್ ವುಡ್ ಅವರು ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಸ್ತ್ರೀಯರು ಎಂಬ ವಿಷಯವನ್ನು ಕುರಿತು ಏರ್ಪಡಿಸಿದ ಗೋಷ್ಠಿಯು ಅಭಿಮಾನಿಗಳ ಜಗತ್ತಿನಲ್ಲಿ ಹೊಸ ಮಾತಿಗೆ ಎಡೆಮಾಡಿತು. ಮರುವರ್ಷವೇ ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿ ಮ್ಯಾಡಿಸನ್‌ನಲ್ಲಿ, ಎರಡು ಸರೋವರಗಳ ನಡುವಣ ಆ ವಿಶ್ವವಿದ್ಯಾನಿಲಯದ ಊರಿನಲ್ಲಿ, ‘ಜೇನಸ್’ ಎಂಬ ಅಭಿಮಾನಿ ಪತ್ರಿಕೆಯ ಸುತ್ತ ಸೇರಿದ್ದ ಜಾನಿಸ್ ಬಾಗ್‌ಸ್ಟಾಡ್, ಜೀನ್ ಗಮಾಲ್ ಮೊದಲಾದವರ ಬಳಗವು ವಿಸ್‌ಕಾನ್ ಎಂಬ ಸಮ್ಮೇಳನವನ್ನು ಆರಂಭಿಸಿತು. ಸ್ತ್ರೀವಾದಿ ದೃಷ್ಟಿಯನ್ನೇ ಕೇಂದ್ರದಲ್ಲಿರಿಸಿಕೊಂಡ ಈ ಸಮ್ಮೇಳನವು ದೊಡ್ಡದಾಗಲು ಬಯಸಿದುದಲ್ಲ. ಸದಸ್ಯರ ಸಂಖ್ಯೆಗೆ ಸುಮಾರು 1,000ದ ಮಿತಿಯನ್ನು ತಾನೇ ಹಾಕಿಕೊಂಡಿತು. ಅಲ್ಲಿ ಶಿಶುಪಾಲನೆಯು ನಾಮಮಾತ್ರದ ಶುಲ್ಕಕ್ಕೆ ಲಭ್ಯವಾಗಿ, ನೋಂದಣಿಯ ಮೇಜು, ಪುಸ್ತಕದ ಮಳಿಗೆಗಳಂತೆ ಅದೂ ಸಮ್ಮೇಳನದ ಅಂಗವೇ ಆಗಿ ನೆಲೆಗೊಂಡಿತು. ಮಗುವನ್ನು ನೋಡಿಕೊಳ್ಳುವ ವೆಚ್ಚವನ್ನು ಮಗುವಿಲ್ಲದ ಸದಸ್ಯನೂ ತನ್ನ ಚಂದಾದ ಮೂಲಕ ಹೊರಬೇಕೆಂಬ ಸೂತ್ರವನ್ನು ಇಷ್ಟು ನಿಸ್ಸಂಕೋಚವಾಗಿ ಆಚರಣೆಗೆ ತಂದುದು ಈ ಸಂಸ್ಥೆಯ ದೊಡ್ಡ ಸಾಧನೆ. 1991ರಲ್ಲಿ ಅಲ್ಲಿಯ ವೇದಿಕೆಯಿಂದಲೇ ಪ್ಯಾಟ್ ಮರ್ಫಿ ಅವರು ಜೇಮ್ಸ್ ಟಿಪ್‌ಟ್ರೀ ಹೆಸರಿನ ಪ್ರಶಸ್ತಿಯನ್ನು ಘೋಷಿಸಿದಾಗ ಅದರ ಮೂಲಧನವನ್ನು ಮನೆಯಲ್ಲಿ ಬೇಯಿಸಿದ ಕೇಕು ಬಿಸ್ಕತ್ತುಗಳನ್ನು ಮಾರಿ ಕೂಡಿಸಿದುದು, ಆ ಹೆಸರಿನ ಮರೆಯಲ್ಲಿದ್ದ ಲೇಖಕಿ ಆಲಿಸ್ ಶೆಲ್ಡನ್ ಅವರು ಗಂಡಸರ ಕಣ್ಣಿಗೆ ಬೀಳದ ಹೆಂಗಸರನ್ನು ಕುರಿತೇ 1973ರಲ್ಲಿ ಒಂದು ಕಥೆ ಬರೆದಿದ್ದುದು, ಇವೆರಡನ್ನೂ ಕೂಡಿಸಿ ನೋಡಿದರೆ, ಅಡುಗೆಮನೆ ಮತ್ತು ತೊಟ್ಟಿಲುಗಳ ಕೆಲಸವನ್ನು ಬೆಳಕಿಗೆ ತರುವುದು ಆ ಬಳಗಕ್ಕೆ ಎಷ್ಟು ಸಹಜವಾಗಿತ್ತೆಂಬುದು ತಿಳಿಯುತ್ತದೆ.

ಈಗ ಕೊಠಡಿಯ ಒಳಗೆ ಹೋಗೋಣ. ಸಮ್ಮೇಳನದ ಶಿಶುಪಾಲನೆಯು ನಿತ್ಯದ ಶಿಶುವಿಹಾರದಿಂದ ಭಿನ್ನವಾದುದು: ಅದಕ್ಕೆ ಸ್ವಂತ ಕಟ್ಟಡವಿಲ್ಲ, ನಿನ್ನೆಯಿಲ್ಲ, ನಾಳಿದ್ದೂ ಇಲ್ಲ. ಶುಕ್ರವಾರ ಮಧ್ಯಾಹ್ನ ಹೋಟೆಲಿನವರು ಬೀಗದ ಕೈ ಕೊಟ್ಟಾಗ ಅಲ್ಲಿರುವುದು ರತ್ನಗಂಬಳಿ ಹಾಸಿದ ಒಂದು ಸಭಾಕೊಠಡಿ, ಮೂಲೆ ಚೂಪಾದ ಮೇಜುಗಳು, ಕೂಸಿನ ಬೆರಳಿಗೆ ಎಟುಕುವ ವಿದ್ಯುತ್ ಸಾಕೆಟ್ಟುಗಳು, ಎಳೆದರೆ ಕೆಡೆಯುವ ದೀಪಸ್ತಂಭಗಳು. ಎರಡು ಮೂರು ತಾಸಿನೊಳಗೆ ಮೇಜುಗಳನ್ನು ಹೊರಗಟ್ಟಿ, ಸಾಕೆಟ್ಟುಗಳಿಗೆ ಮುಚ್ಚಳ ಹಾಕಿ, ಪರದೆಯ ಹಗ್ಗಗಳನ್ನು ಮೇಲಕ್ಕೆ ಕಟ್ಟಿ, ಒಂದು ಮೂಲೆಯನ್ನು ನಿದ್ದೆಗೆಂದೂ ಮತ್ತೊಂದನ್ನು ಬಣ್ಣ ಕಾಗದಗಳ ಆಟಕ್ಕೆಂದೂ ವಿಂಗಡಿಸಿ, ಭಾನುವಾರ ಸಾಯಂಕಾಲವೋ ಸೋಮವಾರವೋ ಎಲ್ಲವನ್ನೂ ಮೊದಲಿದ್ದಂತೆ ಮಾಡಿ ಒಪ್ಪಿಸಬೇಕು. ಕೊಠಡಿಯನ್ನು ಆರಿಸುವುದರಲ್ಲಿಯೇ ಅರ್ಧ ಜಾಣತನವಿದೆ. ಅದು ಕೆಳ ಅಂತಸ್ತಿನಲ್ಲಿದ್ದು ಶೌಚಗೃಹಕ್ಕೆ ಸಮೀಪವಾಗಿರಬೇಕು. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ನೇರವಾಗಿರಬೇಕು. ಸಭಾಂಗಣಕ್ಕೆ ತೀರ ದೂರವಾದರೆ ತಾಯಂದಿರು ಬರಲೊಲ್ಲರು, ತೀರ ಹತ್ತಿರವಾದರೆ ಮಗುವಿನ ಅಳು ಉಪನ್ಯಾಸಕರನ್ನೂ ಉಪನ್ಯಾಸದ ಕರತಾಡನ ಮಲಗಿದ ಮಗುವನ್ನೂ ಬಾಧಿಸುತ್ತದೆ. ಹೋಟೆಲಿನೊಡನೆ ಒಪ್ಪಂದವಾಗುವಾಗಲೇ ಈ ಕೊಠಡಿಯನ್ನು ಕೇಳಿ ಇಟ್ಟುಕೊಳ್ಳದ ಸಮಿತಿಗಳು, ಉಳಿದವರೆಲ್ಲ ಬೇಡವೆಂದು ಬಿಟ್ಟ ಮೂಲೆಯನ್ನು ಮಕ್ಕಳಿಗೆ ಕೊಡುವವು.

ಬಾಗಿಲಿನ ವ್ಯವಹಾರ ಇದಕ್ಕಿಂತಲೂ ಸೂಕ್ಷ್ಮವಾದುದು. ಮಗುವನ್ನು ಯಾರು ಬಿಟ್ಟರು, ಯಾವ ಗಳಿಗೆಯಲ್ಲಿ ಬಿಟ್ಟರು, ಯಾರು ಕರೆದೊಯ್ಯಬಹುದು, ಯಾವ ತಿನಿಸು ಮೈಗೆ ಒಗ್ಗದು, ತಂದೆತಾಯಿಗಳು ಈ ಹೊತ್ತಿನಲ್ಲಿ ಯಾವ ಗೋಷ್ಠಿಯಲ್ಲಿರುತ್ತಾರೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆಸಿಕೊಂಡು, ಮಗುವಿಗೂ ಪೋಷಕರಿಗೂ ಒಂದೇ ಸಂಖ್ಯೆಯ ಚೀಟಿ ಕೊಟ್ಟು, ಹಿಂದಿರುಗಿ ಬಂದಾಗ ಎರಡನ್ನೂ ತಾಳೆ ನೋಡಿಯೇ ಮಗುವನ್ನು ಒಪ್ಪಿಸಬೇಕು. ಬಂದವರು ಸುಪ್ರಸಿದ್ಧ ಲೇಖಕರೆಂದಾಗಲಿ ಸಮಿತಿಯ ಅಧ್ಯಕ್ಷರೆಂದಾಗಲಿ ಈ ನಿಯಮವನ್ನು ಸಡಿಲಿಸತಕ್ಕದ್ದಲ್ಲ. ಎಳೆಗೂಸುಗಳಾದರೆ ನಾಲ್ವರಿಗೆ ಒಬ್ಬ ಪಾಲಕರಿಗಿಂತ ಕಡಿಮೆಯಾಗಬಾರದೆಂಬುದು ಅಮೆರಿಕದ ಶಿಶುಶಿಕ್ಷಣ ತಜ್ಞರು ಅಂಗೀಕರಿಸಿರುವ ಪ್ರಮಾಣ. ಮಗು ದೊಡ್ಡದಾದಷ್ಟೂ ಈ ಪ್ರಮಾಣ ಸಡಿಲವಾಗುತ್ತದೆ. ಆದುದರಿಂದಲೇ ಎಷ್ಟು ಮಕ್ಕಳು, ಯಾವ ವಯಸ್ಸಿನವರು ಎಂಬುದನ್ನು ಮುಂಚಿತವಾಗಿ ಬರೆದು ತಿಳಿಸಿರೆಂದು ಸಮಿತಿಗಳು ಸದಸ್ಯರನ್ನು ಬೇಡಿಕೊಳ್ಳುವುದು. ಬಹುಜನ ಸದಸ್ಯರು ಅದನ್ನು ಮರೆಯುವುದೂ ಅಷ್ಟೇ ನಿಶ್ಚಿತ. ಬೇಡಿಕೆ ಎಲ್ಲಕ್ಕಿಂತ ಏರುವುದು ಶನಿವಾರ ರಾತ್ರಿ, ವೇಷಭೂಷಣಗಳ ಪ್ರದರ್ಶನದ ಹೊತ್ತಿಗೆ. ಸ್ವಯಂಸೇವಕರೂ ಅದನ್ನೇ ನೋಡಬಯಸುವುದರಿಂದ ಕೈಗಳು ಕಡಿಮೆಯಾಗುವುದೂ ಆಗಲೇ. ಪ್ರದರ್ಶನ ಮುಗಿದರೂ ಗೆಳೆಯರೊಡನೆ ಮಾತಿಗೆ ನಿಂತು ಮಗುವನ್ನು ಕರೆದೊಯ್ಯಲು ತಡಮಾಡುವ ಪೋಷಕರ ವಿಷಯವಾಗಿ ಈ ಸೇವೆಯಲ್ಲಿದ್ದವರು ಆಡುವ ಮಾತುಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚುಮಾಡಲಾಗದು.

ಕೊಠಡಿಯಲ್ಲಿ ಯಾವ ಗಳಿಗೆಯಲ್ಲಿಯೂ ಇಬ್ಬರು ವಯಸ್ಕರಿರಬೇಕು, ಒಬ್ಬರೇ ಇರಕೂಡದು ಎಂಬ ನಿಯಮವು ಕೆಲವರಿಗೆ ಅಪನಂಬಿಕೆಯಾಗಿ ತೋರುವುದುಂಟು. ಅಂಥವರು 1964ರ ಸಂಗತಿಯನ್ನು ಅರಿಯುವುದು ಒಳ್ಳೆಯದು. ಆ ವರ್ಷ ಓಕ್ಲೆಂಡಿನಲ್ಲಿ ವಿಶ್ವ ಸಮ್ಮೇಳನವನ್ನು ನಡೆಸಿದ ಸಮಿತಿಯು, ಮಕ್ಕಳೊಡನೆ ಒಬ್ಬ ಪ್ರಸಿದ್ಧ ಅಭಿಮಾನಿಯ ವರ್ತನೆಯ ಬಗ್ಗೆ ಬಂದ ದೂರುಗಳನ್ನು ಗಂಭೀರವಾಗಿ ಪರಿಗಣಿಸಿ ಅವನಿಗೆ ಪ್ರವೇಶವನ್ನು ನಿರಾಕರಿಸಿತು. ಆಗ ಅಭಿಮಾನಿಗಳಲ್ಲಿ ಅನೇಕರು, ವಿದ್ಯಾವಂತರೂ ಸಜ್ಜನರೂ ಆದವರು, ಸಮಿತಿಯ ಮೇಲೆಯೇ ತಿರುಗಿಬಿದ್ದು, ವ್ಯಕ್ತಿಸ್ವಾತಂತ್ರ್ಯಕ್ಕೆ ಕುಂದು ಬಂದಿತೆಂದು ಲೇಖನಗಳನ್ನು ಬರೆದರು. ದಶಕಗಳ ತರುವಾಯ ಅದೇ ವ್ಯಕ್ತಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿ ಸೆರೆಯಲ್ಲಿಯೇ ಮೃತನಾದನು. ಯಾರನ್ನೂ ಹೊರಗಿಡಬಾರದೆಂಬುದು 1939ರ ಬಾಗಿಲ ಪ್ರಸಂಗದಿಂದ ಅಭಿಮಾನಿಗಳು ಕಲಿತ ಪಾಠ. ಆ ಪಾಠವನ್ನು ವಿವೇಚನೆಯಿಲ್ಲದೆ ಅನ್ವಯಿಸಿದುದರ ಫಲವನ್ನು ಅನುಭವಿಸಿದವರು ಮಕ್ಕಳು. ಔದಾರ್ಯವೆಂಬುದು ಸಭಾಂಗಣದ ಬಾಗಿಲಿಗೆ ಶೋಭಿಸುವ ಗುಣ. ಮಕ್ಕಳ ಕೊಠಡಿಯ ಬಾಗಿಲಿಗೆ ನಿಯಮವೇ ಬೇಕು.

ಹಾಗಾದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಈ ಸೇವೆಯ ಮರ್ಮವಿರುವುದೇ ಇಲ್ಲಿ. ನೋಡಿಕೊಳ್ಳುವವರೂ ಚಂದಾ ತೆತ್ತ ಸದಸ್ಯರೇ. ಒಬ್ಬ ತಾಯಿಯನ್ನು ಗೋಷ್ಠಿಗೆ ಕಳುಹಿಸಲು ಇನ್ನೊಬ್ಬರು ಗೋಷ್ಠಿಯನ್ನು ಬಿಟ್ಟುಕೊಡಬೇಕು. ಒಬ್ಬೊಬ್ಬ ಪೋಷಕರೂ ಇಷ್ಟಿಷ್ಟು ಹೊತ್ತು ಸರದಿಯ ಮೇಲೆ ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುವ ಸಹಕಾರ ಪದ್ಧತಿ ಎಲ್ಲಕ್ಕಿಂತ ಸರಳವಾದುದು. ಹತ್ತಾರು ಕುಟುಂಬಗಳ ಸಣ್ಣ ಸಮ್ಮೇಳನಕ್ಕೆ ಇಂದಿಗೂ ಅದೇ ತಕ್ಕುದು. ಆದರೆ ಅದರಲ್ಲಿ ಒಂದು ಅನ್ಯಾಯ ಅಡಗಿದೆ: ಮಕ್ಕಳಿರುವವರ ಹೊರೆಯನ್ನು ಮಕ್ಕಳಿರುವವರೊಳಗೇ ಹಂಚಿ, ಉಳಿದ ಸಭೆ ಕೈ ತೊಳೆದುಕೊಳ್ಳುತ್ತದೆ. ಮಕ್ಕಳಿಲ್ಲದ ಸ್ವಯಂಸೇವಕರನ್ನು ಕರೆದರೆ ಉತ್ಸಾಹಕ್ಕೇನೂ ಕೊರತೆಯಿರದು. ಆದರೆ ನೋಂದಣಿಯ ಮೇಜಿನಲ್ಲಿ ಒಬ್ಬ ಸ್ವಯಂಸೇವಕ ಅರ್ಧ ಗಂಟೆ ತಡವಾಗಿ ಬಂದರೆ ಸಾಲು ಉದ್ದವಾಗುತ್ತದೆ, ಅಷ್ಟೆ. ಶಿಶುಗಳ ಕೊಠಡಿಗೆ ಅವನು ತಡವಾಗಿ ಬಂದರೆ ಹಿಂದಿನ ಸರದಿಯವರು ಕದಲುವಂತಿಲ್ಲ. ಈ ಕೆಲಸಕ್ಕೆ ಒಪ್ಪಿಕೊಂಡವರಲ್ಲಿಯೂ ಕಾಲಕ್ರಮದಲ್ಲಿ ಉಳಿಯುವವರು ಬಹುತೇಕ ಹೆಂಗಸರೇ ಆಗಿಬಿಟ್ಟು, ರಸ್ಕಿನ್ ಕಾಲೇಜಿನ ಗಂಡಸರು ಕಾಣೆಯಾಗುವ ಅಪಾಯವೂ ಇದೆ. ಹೀಗಾಗಿ ಹಲವು ವಿಶ್ವ ಸಮ್ಮೇಳನಗಳು ತರಬೇತಿ ಪಡೆದ ಪಾಲಕರನ್ನು ವೇತನ ಕೊಟ್ಟು ಕರೆಸಿ, ಕೊಠಡಿ, ನೋಂದಣಿ, ಲೆಕ್ಕಪತ್ರ, ಸಾಮಗ್ರಿಗಳ ಹೊಣೆಯನ್ನು ಮಾತ್ರ ಸ್ವಯಂಸೇವಕರಲ್ಲಿ ಇರಿಸಿಕೊಂಡವು. ಇದರಿಂದ ಸ್ವಯಂಸೇವೆಯ ಶುದ್ಧಿಗೆ ಭಂಗ ಬಂದಿತೆಂದು ಆಕ್ಷೇಪಿಸುವವರುಂಟು. ನನಗೆ ಹಾಗೆ ತೋರದು. ವೇದಿಕೆಯ ಧ್ವನಿವರ್ಧಕಕ್ಕೆ ಬಾಡಿಗೆ ತೆರುವಾಗ ಕಾಣದ ಅಶುದ್ಧಿಯು ದಾದಿಗೆ ಸಂಬಳ ಕೊಡುವಾಗ ಮಾತ್ರ ಏಕೆ ಕಾಣಬೇಕು?

ದೊಡ್ಡ ಮಕ್ಕಳ ಸಮಸ್ಯೆ ಬೇರೆ. ಏಳೆಂಟು ವರ್ಷ ದಾಟಿದ ಮಗು ತನ್ನನ್ನು ಕೂಸುಗಳೊಡನೆ ಕೂಡಿಹಾಕಿದರೆ ಸಹಿಸದು. ಅದಕ್ಕೆ ಬೇಕಾದುದು ಪಾಲನೆಗಿಂತ ಹೆಚ್ಚಾಗಿ ಅದರದೇ ಒಂದು ಸಮ್ಮೇಳನ: ರಾಕೆಟ್ಟಿನ ಮಾದರಿ ಮಾಡುವುದು, ಮುಖವಾಡ ಕತ್ತರಿಸುವುದು, ಲೇಖಕರನ್ನು ಕರೆದು ಪ್ರಶ್ನೆ ಕೇಳುವುದು. ಬಾಸ್ಟನ್ನಿನ ಬಾಸ್ಕೋನ್ ಸಮ್ಮೇಳನವು ಇಂಥ ಕಾರ್ಯಕ್ರಮಕ್ಕೆ ‘ಡ್ರ್ಯಾಗನ್ಸ್ ಲೇರ್’ ಎಂದು ಹೆಸರಿಟ್ಟಿದೆ. ವಿಶ್ವ ಸಮ್ಮೇಳನಗಳ ಸದಸ್ಯತ್ವದಲ್ಲಿಯೂ ಇದರ ಗುರುತು ಕಾಣುತ್ತದೆ. ತಂದೆತಾಯಿಗಳ ಬೆರಳು ಹಿಡಿದೇ ಇರುವ ಮಗುವಿಗೆ ‘ಕಿಡ್ ಇನ್ ಟೋ’ ಎಂಬ ಉಚಿತ ಬ್ಯಾಡ್ಜು, ಪಾಲನೆಯನ್ನೋ ಮಕ್ಕಳ ಕಾರ್ಯಕ್ರಮವನ್ನೋ ಬಳಸುವ ಮಗುವಿಗೆ ಅಲ್ಪ ಶುಲ್ಕದ ಬಾಲಸದಸ್ಯತ್ವ. ಸ್ಯಾನ್ ಡಿಯೇಗೊದಲ್ಲಿ 1970ರಲ್ಲಿ ಆರಂಭವಾಗಿ ಲಕ್ಷವನ್ನು ಮೀರಿ ಬೆಳೆದ ಕಾಮಿಕ್-ಕಾನ್‌ನಂಥ ಮಹಾಮೇಳದಲ್ಲಿ ಶಿಶುಪಾಲನೆಯನ್ನು ವೃತ್ತಿಪರ ಕಂಪನಿಯೊಂದಕ್ಕೆ ವಹಿಸಿ, ಬಳಸುವವರಿಂದಲೇ ಹಣ ಪಡೆಯುತ್ತಾರೆ. ಅದು ಬೇರೆ ಜಾತಿಯ ವ್ಯವಸ್ಥೆ. ನಮ್ಮ ಪ್ರಸ್ತುತ ವಿಷಯಕ್ಕೆ ಸೇರದು.

ಕಾನೂನು ಈ ಕೊಠಡಿಗೆ ತಡವಾಗಿ ಪ್ರವೇಶಿಸಿತು. ಬ್ರಿಟನ್ನಿನ 1989ರ ಮಕ್ಕಳ ಶಾಸನವು ಎಂಟು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ನೋಡಿಕೊಳ್ಳುವವರು ಸ್ಥಳೀಯ ಅಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿ, ಒಂದು ಸ್ಥಳದಲ್ಲಿ ವರ್ಷಕ್ಕೆ ಆರು ದಿನಗಳಿಗಿಂತ ಕಡಿಮೆ ನಡೆಯುವ ಸೇವೆಗೆ ಮುಂಚಿತವಾದ ಲಿಖಿತ ಸೂಚನೆಯೇ ಸಾಕೆಂದು ವಿನಾಯಿತಿ ಕೊಟ್ಟಿತು. ಈಸ್ಟರ್ ಹಬ್ಬದ ನಾಲ್ಕು ದಿನ ನಡೆಯುವ ಬ್ರಿಟಿಷ್ ಅಭಿಮಾನಿ ಸಮ್ಮೇಳನಕ್ಕೆ ಅಳೆದು ಹೊಲಿದಂತಿದ್ದ ವಿನಾಯಿತಿಯಿದು. ಅಮೆರಿಕದಲ್ಲಿ ಸಂಸ್ಥಾನಕ್ಕೊಂದು ನಿಯಮ. ಅದಲ್ಲದೆ ವಿಮಾ ಕಂಪನಿಯ ನಿಬಂಧನೆಗಳು ಬೇರೆ. ಈ ಕಾಗದಪತ್ರಗಳ ಹೊರೆಗೆ ಹೆದರಿ ಸೇವೆಯನ್ನೇ ಕೈಬಿಟ್ಟ ಸಣ್ಣ ಸಮಿತಿಗಳನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ಕೈಬಿಡುವಾಗ, ತಮ್ಮ ಸದಸ್ಯರಲ್ಲಿ ಯಾರಾರು ಮುಂದಿನ ವರ್ಷ ಬರಲಾರರೆಂಬುದನ್ನೂ ಅವರು ಎಣಿಸಬೇಕಿತ್ತು.

ವಿದೇಶಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರೂ ವಾರಾಂತ್ಯದ ಸಮ್ಮೇಳನಗಳನ್ನು ಸಂಬಳವಿಲ್ಲದ ಕೈಗಳಿಂದಲೇ ನಡೆಸುತ್ತಾರೆ. ನಾಡಿನೊಳಗೂ ಸಾಹಿತ್ಯಗೋಷ್ಠಿಗಳಿಗೆ ಕೊರತೆಯಿಲ್ಲ. ಅವನ್ನು ಏರ್ಪಡಿಸುವವರಲ್ಲಿ ನನ್ನ ಬಿನ್ನಹ ಇಷ್ಟೆ. ಆಯವ್ಯಯದ ಅಂದಾಜು ಬರೆಯುವ ದಿನವೇ ಹಾರತುರಾಯಿಗಳ ಬಾಬ್ತಿಗೆ ಮುಂಚೆ ಮಕ್ಕಳ ಕೊಠಡಿಯ ಬಾಬ್ತನ್ನು ಬರೆಯಿರಿ. ಪಾಲಕರಿಗೆ ವೇತನ ಕೊಡಿರಿ. ಗಂಡಸರ ಸರದಿಯನ್ನು ತಪ್ಪದೆ ಹಾಕಿರಿ. ಸಮ್ಮೇಳನ ಮುಗಿದ ಮೇಲೆ, ಮಕ್ಕಳ ಹೆಸರುಗಳನ್ನು ಮರೆಮಾಡಿ, ಸರದಿಯಲ್ಲಿ ಕುಳಿತವರ ಹೆಸರುಗಳನ್ನು ಮಾತ್ರ ಉಳಿಸಿ, ಆ ಕೊಠಡಿಯ ಹಾಜರಿ ಪುಸ್ತಕವನ್ನು ನಡವಳಿಗಳ ಜೊತೆಯಲ್ಲಿ ಜೋಪಾನವಾಗಿಡಿರಿ. ಮುಂದೆ ಇಂಥದೇ ಸಂಚಿಕೆಗೆ ಬರೆಯುವವರಿಗೆ ಅದು ಬೇಕಾಗುತ್ತದೆ.